ಒಂದು, ಹತ್ತು, ಹನ್ನೊಂದು

ನವೆಂಬರ್ 4

ಲ್ಯಾಬಿನ ಕಂಪ್ಯೂಟರ್ ಇವತ್ತೂ ಮೂರು ಸಲ ನಿಂತಿತು. ಹೊಸದಕ್ಕೆ ಅರ್ಜಿ ಕೊಟ್ಟು ಎಂಟು ತಿಂಗಳು. ಈಗ ಕೊಳ್ಳುತ್ತಾರಂತೆ... ಮತ್ತೆ ವಿಂಡೋಸೇ ಅಂತೆ! ಲಿನಕ್ಸ್ ಬೇಕು, ನಮ್ಮ ನೀರಿನ ಲೆಕ್ಕದ ಸಾಫ್ಟ್‌ವೇರ್‌ಗಳೆಲ್ಲ ಅದರಲ್ಲೇ ಚೆನ್ನಾಗಿ ಓಡುತ್ತವೆ ಎಂದು ಬಡಿದುಕೊಂಡೆ. ಪ್ರೊಫೆಸರ್ ಪರದೆಯಿಂದ ತಲೆ ಎತ್ತಲಿಲ್ಲ.

"ನೋಡಮ್ಮಾ, ಎಲ್ರಿಗೂ ಗೊತ್ತಿರೋದನ್ನೇ ತಗೊಳ್ಳೋಣ. ನೀನು ನಾಳೆ ಪಿಎಚ್‌ಡಿ ಮುಗಿಸಿ ಹೋಗ್ತೀಯ. ಆಮೇಲೆ ಅದನ್ನ ಯಾರು ನೋಡ್ಕೋತಾರೆ?"

ಎಲ್ಲರಿಗೂ ಅಂದರೆ ಯಾರಿಗೆ? ಇವರಿಗೆ. ಇವರಿಗೆ ಗೊತ್ತಿರುವುದು ಇಮೇಲ್ ಕಳಿಸುವುದೊಂದೇ. ಮೈಯೆಲ್ಲ ಉರಿಯಿತು.

ನವೆಂಬರ್ 6

ಜಗಳ ಆಡಿ ಆಡಿ ಒಂದು ಮಾತಿಗೆ ಒಪ್ಪಿಸಿದೆ. ಪಕ್ಕದ ವಿಭಾಗದ ಲಿನಕ್ಸ್ ಮೆಷಿನ್‌ನಲ್ಲಿ ನಾವು ನೀರು ಪರೀಕ್ಷಿಸಿದ ಹನ್ನೆರಡು ಬಾವಿಗಳ ಲೆಕ್ಕ ಮತ್ತೆ ಓಡಿಸಬೇಕು. ಹಳೆಯ ಉತ್ತರವೇ ಬಂದರೆ ಲಿನಕ್ಸ್. ಬರದೆ ಎಲ್ಲಿ ಹೋಗುತ್ತದೆ? ಐದನೆಯ ಬಾವಿಯಲ್ಲಿ ಆರ್ಸೆನಿಕ್ ವಿಷ, ಉಳಿದವು ಶುದ್ಧ. ಜೂನ್‌ನಲ್ಲೇ ವರದಿ ಹೋಗಿ ಐದಕ್ಕೆ ಬೀಗವೂ ಬಿದ್ದಿದೆ. ಎರಡನೆಯದು ಅಕ್ಕ ಪಾಠ ಮಾಡುವ ಶಾಲೆಯದು. "ಮಕ್ಳಿಗೆ ಧೈರ್ಯವಾಗಿ ಕುಡಿಸ್ಬಹುದೇನೇ?" ಎಂದು ಆಗ ಕೇಳಿದ್ದಳು. "ಲೆಕ್ಕ ಹಾಕಿರೋದು ನಾನೇ ಅಕ್ಕಾ" ಅಂದಿದ್ದೆ.

ನವೆಂಬರ್ 7

ಒಂಬತ್ತನೆಯದರಲ್ಲಿ ಆರ್ಸೆನಿಕ್ ಎನ್ನುತ್ತಿದೆ! ಮೂರು ಸಲ ಓಡಿಸಿದೆ. ಒಂಬತ್ತೇ. ದರಿದ್ರ ಮೆಷಿನ್. ಪ್ರೊಫೆಸರ್‌ಗೆ ಗೊತ್ತಾದರೆ ಕುಣಿದಾಡುತ್ತಾರೆ.

ನವೆಂಬರ್ 12, ಬೆಳಿಗ್ಗೆ 10

ತಪ್ಪು ಮೆಷಿನ್ನಿನದಲ್ಲ. ನನ್ನದು.

ಫೈಲುಗಳಿಗೆ 1ರಿಂದ 12ರವರೆಗೆ ಹೆಸರಿಟ್ಟಿದ್ದೆ. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತವೆ — 1, 2, 3. ಆದರೆ ಹಳೆಯ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಂ ಅವನ್ನು ಓದುತ್ತಿದ್ದದ್ದು ನಿಘಂಟಿನ ಪದಗಳ ಹಾಗೆ: 1, 10, 11, 12, ಆಮೇಲೆ 2. ಐದನೆಯದಾಗಿ ಬಂದ ಫೈಲಿಗೆ 'ಐದನೆಯ ಬಾವಿ' ಎಂದು ಹೆಸರು ಅಂಟಿಸಿತು. ಲಿನಕ್ಸ್‌ನಲ್ಲಿ ಸಿಕ್ಕ ಕ್ರಮ ಬೇರೆ, ಹಾಗಾಗಿ ಉತ್ತರವೂ ಬೇರೆ. ಎರಡೂ ತಪ್ಪು. ಕ್ರಮ ಹೇಳಿಕೊಡಬೇಕಾದವಳು ನಾನು. ಹೇಳಿರಲಿಲ್ಲ. ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು!

ಒಂದೊಂದೇ ಫೈಲ್ ತೆರೆದು ಕಣ್ಣಾರೆ ನೋಡಿದೆ. ಆರ್ಸೆನಿಕ್ ಇರುವುದು ಎರಡನೆಯದರಲ್ಲಿ. ಶಾಲೆಯ ಬಾವಿಯಲ್ಲಿ. ಐದು ತಿಂಗಳಿಂದ... ಥೂ ನನ್ನ ಜನ್ಮಕ್ಕೆ.

12.10, ಬಸ್ ಸ್ಟಾಪ್

ಪ್ರೊಫೆಸರ್‌ಗೆ ಎಲ್ಲ ಹೇಳಿದೆ. ಎದ್ದು ಬಾಗಿಲು ಹಾಕಿದರು.

"ವರದಿ ಕಳಿಸಿದ್ದಾಯ್ತು. ಸದ್ಯಕ್ಕೆ ಬಾಯಿ ಬಿಡ್ಬೇಡ. ನಾನ್ಯಾಕೆ ವಿಂಡೋಸ್ ಅಂದಿದ್ದು ಅಂತ ಈಗ ಗೊತ್ತಾಯ್ತಾ? ಅದರಲ್ಲಿ ಉತ್ತರ ಬದಲಾಗಲ್ಲ."

"ಮಕ್ಕಳು ಕುಡೀತಿದಾರೆ ಸರ್!"

"ಮುಂದಿನ ವರ್ಷ ಇನ್ನೊಂದ್ಸಲ ಟೆಸ್ಟ್ ಮಾಡಿದ್ರಾಯ್ತು."

ವಿಂಡೋಸ್ ಕಂಪ್ಯೂಟರಿನ ಖರೀದಿಯ ಕಾಗದ ನನ್ನ ಮುಂದೆ ತಳ್ಳಿದರು, ಸಹಿ ಹಾಕು ಎಂದು. ಪರಪರ ಹರಿದು ಅವರ ಕೀಬೋರ್ಡ್ ಮೇಲೆ ಸುರಿದು ಬಂದೆ. ಹಾಳಾಗಿ ಹೋಗಲಿ ಪಿಎಚ್‌ಡಿ.

ಅಕ್ಕ ಫೋನ್ ಎತ್ತುತ್ತಿಲ್ಲ. ತರಗತಿಯಲ್ಲಿರಬೇಕು. ಶಾಲೆಯ ಆಫೀಸಿನದು ಎಂಗೇಜ್. ಹನ್ನೆರಡೂವರೆಗೆ ಊಟದ ಬೆಲ್ — ಮುನ್ನೂರು ಮಕ್ಕಳು ನಲ್ಲಿಯ ಮುಂದೆ ಸಾಲು ನಿಲ್ಲುತ್ತಾರೆ. ಬಸ್ಸಿನ ಸುಳಿವೇ ಇಲ್ಲ. ಓಡಿದರೆ ಹದಿನೈದು ನಿಮಿಷ. ಓಡುತ್ತೇನೆ.