ಹಿಂಸೆಯಿಲ್ಲವೆಂದು ಬರೆದುಕೊಂಡು ಹೋದ ಸಾಹೇಬರಿಗೆ

ಮಾನ್ಯ ಮೌಲ್ಯಮಾಪಕ ಸಾಹೇಬರೇ,

ಇಳಕಲ್ ಸಮೀಪದ ನಮ್ಮೂರ ಪ್ರೌಢಶಾಲೆಯಲ್ಲಿ ಹಿಂಸೆ ಸಂಪೂರ್ಣ ನಿರ್ಮೂಲವಾಗಿದೆ ಎಂದು ತಾವು ಘೋಷಿಸಿ ಹೋದ ದಿನವೇ ನನ್ನ ಮಗಳು ಭಾಗ್ಯಜ್ಯೋತಿ ಅದೇ ಶಾಲೆಯಿಂದ ಮುಂಗೈಯ ಎಲುಬು ಮುರಿಸಿಕೊಂಡು ಮನೆಗೆ ಬಂದಳು. ಇವೆರಡರಲ್ಲಿ ಒಂದು ಸುಳ್ಳಾಗಿರಬೇಕು. ಎಲುಬಿನ ಎಕ್ಸ್‌ರೇ ನನ್ನ ಬಳಿ ಇರುವುದರಿಂದ ಅನುಮಾನ ತಮ್ಮ ಕಡೆ ಬರುತ್ತದೆ, ಕ್ಷಮಿಸಿ.

ನಾನು ಬಸ್ ಕಂಡಕ್ಟರ್. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೂ ಆ ಟವೆಲಿನ ಮೇಲೆಯೇ ಕುಳಿತವರಿಗೂ ನಡೆಯುವ ಮಹಾಯುದ್ಧಗಳನ್ನು ದಿನವೂ ಬಿಡಿಸುವವನು. ಆದ್ದರಿಂದ ಶಾಲೆಗೆ ಹಿಂಸೆ ತಡೆಯುವ ಕಾರ್ಯಕ್ರಮ ಬಂದಾಗ ಖುಷಿಪಟ್ಟೆ. ಬಂದದ್ದೇನು? ಗೇಟಿಗೆ ಬ್ಯಾನರ್ ಬಂತು, ಬ್ಯಾನರಿನೊಳಗೆ ಪಾರಿವಾಳ ಬಂತು. ದೂರು ಪೆಟ್ಟಿಗೆಯೂ ಬಂತು. ಅದನ್ನು ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆದು ಹಾಕಿದರು. ಅವರ ತಲೆಯ ಮೇಲಿಂದ ಕೈ ಚಾಚಿ ಚೀಟಿ ಹಾಕುವಷ್ಟು ಧೈರ್ಯವಿರುವ ವಿದ್ಯಾರ್ಥಿಗೆ ಈ ಕಾರ್ಯಕ್ರಮದ ಅಗತ್ಯವಾದರೂ ಏನಿದೆ?

ತಾವು ಬರುವ ಹಿಂದಿನ ದಿನ 'ನಾನು ಹಿಂಸೆ ಮಾಡುವುದಿಲ್ಲ' ಎಂಬ ಪ್ರತಿಜ್ಞೆಯ ತಾಲೀಮು ನಡೆಯಿತು. ಮಗಳ ತರಗತಿಯ ಕಲ್ಲೇಶ ಗಾಬರಿಯಲ್ಲಿ 'ನಾನು ಹಿಂಸೆ ಮಾಡುತ್ತೇನೆ' ಎಂದುಬಿಟ್ಟ. ಅಹಿಂಸೆಯ ಪಾಠ ತಪ್ಪಿದ್ದಕ್ಕೆ ದೈಹಿಕ ಶಿಕ್ಷಕರು ಅವನ ಬೆನ್ನಿಗೆ ಬೆತ್ತದಿಂದ ಬಾಸುಂಡೆ ಎಬ್ಬಿಸಿದರು. ಆಮೇಲೆ ಸಾಹೇಬರು ಏನು ಕೇಳಿದರೂ 'ಇಲ್ಲ ಸರ್' ಎನ್ನಬೇಕೆಂದು ಎಲ್ಲರಿಗೂ ಕಲಿಸಿದರು.

ಮರುದಿನ ತಾವು ಕೇಳಿದಿರಿ: "ಇಲ್ಲಿ ಯಾರಾದರೂ ಹೊಡೆಯುತ್ತಾರೆಯೇ?"

"ಇಲ್ಲ ಸರ್!"

"ನಿಮಗೆ ಶಾಲೆ ಇಷ್ಟವೇ?"

"ಇಲ್ಲ ಸರ್!"

ಮೊದಲ ಉತ್ತರವನ್ನು ಬರೆದುಕೊಂಡು ಎರಡನೆಯದಕ್ಕೆ ನಕ್ಕಿರಂತೆ. ಆಗಲೇ ಭಾಗ್ಯಜ್ಯೋತಿ ಎದ್ದು ನಿಂತಳು. "ಹೊಡಿತಾರ್ರಿ ಸರ್. ನಿನ್ನಿ ಕಲ್ಲೇಶನ ಬೆನ್ನು ಸುಲದಾರ್ರಿ. ಬೇಕಾದ್ರ ಅಂಗಿ ಎತ್ತಿ ನೋಡ್ರಿ."

ಅಂಗಿ ಎತ್ತಿ ನೋಡಲು ಎಷ್ಟು ಹೊತ್ತು ಬೇಕಿತ್ತು ಸಾಹೇಬರೇ? ತಾವು "ಹುಡುಗಿ ಬಹಳ ಚೂಟಿ" ಎಂದು ಹೊಗಳಿ ಉಪ್ಪಿಟ್ಟು ತಿನ್ನಲು ಎದ್ದಿರಿ. ತಮ್ಮ ಜೀಪು ಗೇಟು ದಾಟಿದ ಮೇಲೆ ಅದೇ ಬೆತ್ತ ಅವಳನ್ನು ಹುಡುಕಿಕೊಂಡು ಬಂತು. ಮುಖ ಮುಚ್ಚಿಕೊಳ್ಳಲು ಅವಳು ಕೈ ಎತ್ತಿದಳು. ಏಟು ಕೈಗೆ ಬಿತ್ತು.

ನನ್ನ ಹೆಂಡತಿ ಮಾಯಾ ನರ್ಸ್. ಊದಿದ ಕೈ ನೋಡಿದವಳೇ ದವಾಖಾನೆಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದಳು. ನಾನು ಡ್ಯೂಟಿ ಮುಗಿಸಿ ಬಂದು ನೋಡಿ, ಮಾಸ್ತರನ ಮನೆಗೆ ಹೊರಟೆ. ಯಾಕೆ ಹೊರಟೆ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಾ, ನೀನೂ ಹೊಡದ್ರ, ನಾ ಹೇಳಿದ್ದು ಯಾರ್ ಕೇಳ್ತಾರ?"

ಚಪ್ಪಲಿ ಕಳಚಿ ಒಳಗೆ ಬಂದೆ. ತಮ್ಮ ಬ್ಯಾನರಿನ ಪಾರಿವಾಳಕ್ಕೆ ಆಗದ ಕೆಲಸ ಮುರಿದ ಕೈಯ ಹುಡುಗಿಯಿಂದ ಆಯಿತು.

ಬೆಳಿಗ್ಗೆ ನನ್ನ ಅವ್ವ ಚಂದವ್ವ ನನ್ನನ್ನೂ ಮಗಳನ್ನೂ ಕರೆದುಕೊಂಡು ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯರು ಮೆತ್ತಗೆ ಹೇಳಿದರು, "ಆಕಿ ಹೇಳಿದ್ದು ತಪ್ಪಲ್ಲ ಯವ್ವಾ. ಸಾಹೇಬ್ರ ಮುಂದ ಹೇಳಬಾರದಿತ್ತು."

"ಮತ್ತ ಯಾರ ಮುಂದ ಹೇಳಬೇಕಿತ್ರಿ? ಗ್ವಾಡಿ ಮುಂದ?" ಎಂದಳು ಅವ್ವ.

ಆಗ ಬಾಗಿಲಲ್ಲಿ ಕಲ್ಲೇಶ ಬಂದು ನಿಂತ. ಬೆನ್ನು ತಿರುಗಿಸಿ ಅಂಗಿ ಎತ್ತಿದ. ಅವನ ಹಿಂದೆ ಒಬ್ಬೊಬ್ಬರಾಗಿ ಇಡೀ ತರಗತಿ ಬಂತು. ಒಬ್ಬಳ ಅಂಗೈ, ಇನ್ನೊಬ್ಬನ ಮೀನಖಂಡ. ಅವ್ವ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ತಾವು ಬರೆಯಬೇಕಿದ್ದ ವರದಿ ಅಲ್ಲಿ ಸಾಲಾಗಿ ನಿಂತಿತ್ತು.

ದೂರು ಹೊತ್ತು ತಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ. ಸಿಬ್ಬಂದಿಯೊಬ್ಬರು ಅನುಕಂಪದಿಂದಲೇ ಹೇಳಿದರು: "ಈ ಸಾಲಿಯಾಗ ಹಿಂಸಾ ಇಲ್ಲಂತ ಸಾಹೇಬ್ರು ಬರದಾರ್ರಿ. ಇಲ್ಲದ್ದರ ಮ್ಯಾಲೆ ದೂರು ಹೆಂಗ ತಗೊಳ್ಳೋದು?" ಎಂಥ ತರ್ಕ! ಇದೇ ಲೆಕ್ಕದಲ್ಲಿ ಮಲೇರಿಯಾವನ್ನೂ ನಿರ್ಮೂಲ ಮಾಡಬಹುದಲ್ಲ? ಸೊಳ್ಳೆಗಳಿಗೆ 'ಇಲ್ಲ ಸರ್' ಎನ್ನಲು ಕಲಿಸಿದರಾಯಿತು.

ಪ್ಲಾಸ್ಟರ್ ಕಟ್ಟಿಕೊಂಡೇ ಭಾಗ್ಯಜ್ಯೋತಿ ಶಾಲೆಗೆ ಹೋಗುತ್ತಿದ್ದಾಳೆ. ಆ ಶಿಕ್ಷಕರೂ ಹೋಗುತ್ತಿದ್ದಾರೆ. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಿತ್ತು. ಯಾರೆಂದು ತಮಗೆ ನಾನು ಹೇಳಿಕೊಡಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ಆ ವರದಿಯನ್ನು ಹಿಂಪಡೆಯಿರಿ. ವಿಚಾರಣೆ ಮುಗಿಯುವವರೆಗೆ ಆ ಶಿಕ್ಷಕರನ್ನು ಮಕ್ಕಳಿಂದ ದೂರವಿಡಿ. ಮತ್ತೆ ಬನ್ನಿ, ಯಾರಿಗೂ ತಿಳಿಸದೆ ಬನ್ನಿ, ಮಾಸ್ತರರನ್ನೆಲ್ಲ ಹೊರಗೆ ಕಳಿಸಿ ಮಕ್ಕಳ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ. ಮೊದಮೊದಲು ಅವರು ಏನೂ ಹೇಳಲಿಕ್ಕಿಲ್ಲ. ಏಳಬೇಡಿ.

ಇಂತಿ,
ಒಂದು ಕೈ ಪ್ಲಾಸ್ಟರಿನಲ್ಲಿರುವ ಮಗಳಿಗೆ ದಿನವೂ ಸೊಟ್ಟ ಜಡೆ ಹೆಣೆದು ಬೈಸಿಕೊಳ್ಳುತ್ತಿರುವ
ಪ್ರೇಮಕುಮಾರ