ಪೊಳ್ಳು ಪರಾಗ

೧೨ ಅಕ್ಟೋಬರ್

ಪ್ರೀತಿಯ ಚೋಟೂ,

ಹೇಗಿದ್ದೀಯೇ? ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪು. ಬೀಜದ ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ನಿಜವೆಂದರೆ ಸಿಟ್ಟು ಬಂದಿತ್ತು. "ಅಕ್ಕಾ, ನಿನ್ನ ಮಗಳನ್ನ ನನ್ನ ಲ್ಯಾಬಿಗೆ ಸೇರಿಸ್ಕೊಳ್ಳಲಾ?" ಎಂದು ಎಷ್ಟು ಸಲೀಸಾಗಿ ಕೇಳಿಬಿಟ್ಟೆ! ಇರುವವಳು ಒಬ್ಬಳೇ ಮಗಳು ಕಣೇ.

ಭತ್ತದ ಪರಾಗದಲ್ಲಿ ಪಿಷ್ಟ ತುಂಬಿಸುವ ಜೀನ್ ನೀನು ಕಂಡುಹಿಡಿದೆ, ಸರಿ. ಇಲ್ಲಿ ಯಾರ ಬಾಯಲ್ಲಿ ನೋಡಿದರೂ ನಿನ್ನದೇ ಜಪ. ನಮ್ಮ ಬೀಜ ಕೇಂದ್ರದ ಡೈರೆಕ್ಟರ್ ಅಂತೂ ನನ್ನನ್ನು ನಿಲ್ಲಿಸಿ, "ನಿಮ್ಮ ತಂಗಿ ಅಲ್ವಾ? ಏನ್ ತಲೆ ರೀ ಅವರದು!" ಎಂದರು. ಹಲ್ಲು ಕಿರಿದು ಬಂದೆ. ಮೈಯೆಲ್ಲ ಉರಿದುಹೋಯಿತು.

ಆ ಜೀನಿನ ಸುಳಿವು ಕೊಟ್ಟ ಗಿಡವನ್ನು ಮೊದಲು ನೋಡಿದವಳು ನಾನು, ನೆನಪಿದೆಯಾ? ನಾವಿಬ್ಬರೂ ಒಂದೇ ಲ್ಯಾಬಿನಲ್ಲಿದ್ದ ವರ್ಷ. ಅಯೋಡಿನ್ ಹನಿ ಬಿಟ್ಟರೆ ಪಿಷ್ಟ ತುಂಬಿದ ಪರಾಗ ಕಪ್ಪಾಗಬೇಕು. ನನ್ನ ಸ್ಲೈಡಿನಲ್ಲಿ ಒಂದೂ ಕಪ್ಪಾಗಲಿಲ್ಲ. ‘ಅಯೋಡಿನ್ ಹಳತಾಗಿದೆ’ ಎಂದು ಪುಸ್ತಕದಲ್ಲಿ ಗೀಚಿ, ಸ್ಲೈಡು ತೊಳೆದಿಟ್ಟು ಊಟಕ್ಕೆ ಎದ್ದೆ. ನೀನು ಹೊಸ ಅಯೋಡಿನ್ ಕಲಸಿ ಅದೇ ಗಿಡದ ಹೂ ಮತ್ತೆ ನೋಡಿದೆ. ಅಯೋಡಿನ್ ಸರಿಯಾಗಿಯೇ ಇತ್ತು, ಪರಾಗವೇ ಪೊಳ್ಳಾಗಿತ್ತು. ಯಾವ ಜೀನ್ ಕೆಟ್ಟು ಹೀಗಾಯಿತೆಂದು ಹುಡುಕುತ್ತ ಹೋಗಿ ನೀನು ಆ ಜೀನ್ ಹಿಡಿದೆ. ಕದ್ದೆ ಎನ್ನಲಾರೆ. ಕದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹೊಟ್ಟೆಕಿಚ್ಚು ಕಣೇ, ಅಪ್ಪಟ ಹೊಟ್ಟೆಕಿಚ್ಚು. ಒಡಹುಟ್ಟಿದವಳ ಹತ್ತಿರ ಮುಚ್ಚಿಡುವುದೇನು?

ಮಗಳಿಗೆ ನಾನೇ ಕಲಿಸಬೇಕೆಂದಿದ್ದೆ. ನಿನ್ನ ಭಾವ, "ಅವಳ ದಾರಿಗೆ ಅಡ್ಡ ನಿಲ್ಬೇಡ, ಕಳ್ಸು" ಎನ್ನುತ್ತಾರೆ. ಆಯಿತು, ಸೇರಿಸಿಕೋ. ಬೆಳಿಗ್ಗೆ ತಿಂಡಿ ಬಿಟ್ಟು ಓಡುತ್ತಾಳೆ, ಗದರಿಸಿ ತಿನ್ನಿಸು. ತಪ್ಪು ಮಾಡಿದರೆ ಎಲ್ಲರೆದುರು ಬೈಯಬೇಡ. ನಿನಗೂ ಇನ್ನಷ್ಟು ಹೆಸರು ಬರಲಿ, ಹಲ್ಲು ಕಚ್ಚಿಕೊಂಡೇ ಹರಸುತ್ತಿದ್ದೇನೆ.

ನಿನ್ನ ಅಕ್ಕ

ವಿ.ಸೂ.: ಅವಳೇ ನಿನ್ನನ್ನು ಕೇಳಿಕೊಂಡಳೆಂದು ಬರೆದಿದ್ದೀಯ. ನನಗೆ ಗೊತ್ತಾಗಿದ್ದೇ ನಿನ್ನ ಕಾಗದದಿಂದ. ದಿನಾ ನನ್ನೆದುರು ಕೂತು ಉಣ್ಣುತ್ತಾಳೆ, ಬಾಯಿ ಬಿಟ್ಟಿಲ್ಲ. ನಿನ್ನೆ ನಾನೇ, "ಮುಂದೇನ್ ಮಾಡ್ತೀಯೇ?" ಎಂದೆ. "ಇನ್ನೂ ಯೋಚ್ನೆ ಮಾಡಿಲ್ಲಮ್ಮ" ಎಂದಳು, ತಲೆಯೆತ್ತದೆ. ನಾನು ಒಪ್ಪಿದ್ದೇನೆಂದು ನೀನು ಅವಳಿಗೆ ಹೇಳಿಬಿಡಬೇಡ. ನನ್ನ ಹತ್ತಿರ ಬಂದು ಕೇಳಲಿ. ಒಂದೇ ಒಂದು ಸಲ ಕೇಳಲಿ.