ಅಪ್ಪ ತೋಡಿದ ಬಾವಿಯ ನೀರು

ಭಾನುವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ,

ಆ ದಿನ ಬಾವಿ ನೀರಿನ ವಿಷಯಕ್ಕೆ ಕರೆದ ಬೀದಿಯ ಸಭೆಯಿಂದ ನೀನು ಅರ್ಧಕ್ಕೇ ಎದ್ದು ಹೋದೆ. ಆಮೇಲೆ ನಡೆದದ್ದನ್ನು ಬೀದಿಯವರು ಉಪ್ಪುಖಾರ ಹಚ್ಚಿ ಹೇಳಿರುತ್ತಾರೆ. ನನ್ನಿಂದಲೂ ಒಮ್ಮೆ ಕೇಳು.

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಅದು ಅಪ್ಪ ತನ್ನ ಕೈಯಾರೆ ತೋಡಿದ ಬಾವಿ. ಅದರ ನೀರನ್ನೇ ಕುಡಿದು ಬೆಳೆದ ತಂಗಿಯೇ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿ, ಆ ನೀರನ್ನು ನಿನ್ನ ಮೊಮ್ಮಗುವಿನ ಹಾಲಿನಪುಡಿಗೆ ಬೆರೆಸಬೇಡ ಎಂದರೆ ಯಾರಿಗೆ ಸಹಿಸುತ್ತದೆ? ಸಭೆಗೂ ಮೊದಲು ನಿನ್ನ ಮನೆಗೆ ಬಂದು ಹೇಳಿದಾಗ "ಕುದಿಸಿಯೇ ಕೊಡ್ತೀನಲ್ಲ!" ಎಂದೆ ನೀನು. ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟ್ ಕುದಿಸಿದರೆ ಹೋಗದು, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ದೊಡ್ಡವರು ಹೇಗೋ ತಡೆದುಕೊಂಡಾರು, ಹಸುಗೂಸು ತಡೆಯದು. ಇಷ್ಟು ಹೇಳುವಷ್ಟರಲ್ಲಿ ನೀನು ಬಾಗಿಲು ಹಾಕಿಕೊಂಡಿದ್ದೆ.

ಸಭೆಯಲ್ಲಿ ದರ್ಜಿ ಮಾವ ಎದ್ದದ್ದು ನಿನಗೆ ನೆನಪಿರಬೇಕು. "ಹೋದ ವರ್ಷ ನೀರು ಚೆನ್ನಾಗಿದೆ ಅಂದ್ರಿ, ಈ ವರ್ಷ ಕೆಟ್ಟಿದೆ ಅಂತೀರಿ. ನಿಮ್ಮ ನಾಲಿಗೆಗೆ ಮೂಳೆ ಇಲ್ವಾ?" ಎಲ್ಲರೂ ನಕ್ಕರು, ನೀನೂ ನಕ್ಕೆ. ಹೋದ ವರ್ಷ ರೋಗಾಣುಗಳನ್ನಷ್ಟೇ ಹುಡುಕಿದ್ದೆವು, ನೈಟ್ರೇಟ್ ಹುಡುಕಿರಲಿಲ್ಲ ಎಂದೆ. ಹೊಸದು ಕಂಡ ಮೇಲೂ ಹಳೆಯ ಮಾತಿಗೇ ಜೋತುಬಿದ್ದರೆ ಅದು ಹಟ, ವಿಜ್ಞಾನವಲ್ಲ ಎಂದೆ. ಯಾರಿಗೂ ನಾಟಲಿಲ್ಲ. ನೀನು ಹೊರಟದ್ದು ಆಗಲೇ.

ನಿನ್ನ ಬೆನ್ನು ಬಾಗಿಲು ದಾಟಿದ ಮೇಲೆ ನನಗೆ ಏನು ತೋಚಿತೋ, ನನ್ನ ಮಾತು ನಂಬಲೇಬೇಡಿ ಎಂದುಬಿಟ್ಟೆ. ಬಾಟಲಿ ನೀವೇ ತುಂಬಿ, ಗುರುತೂ ನೀವೇ ಹಾಕಿ, ಯಾವುದು ಯಾವ ಬಾವಿಯದೆಂದು ನನಗೆ ತಿಳಿಸಬೇಡಿ ಎಂದೆ. ದರ್ಜಿ ಮಾವ ಬಲು ಕಿಲಾಡಿ. ಬಾಟಲಿಗೊಂದು ಬಟ್ಟೆಯ ಚೀಲ ಹೊಲಿದು, ಬೇರೆ ಬೇರೆ ಬಣ್ಣದ ದಾರ ಕಟ್ಟಿ ತಂದರು. ನನ್ನನ್ನು ಸಿಕ್ಕಿಹಾಕಿಸಲೆಂದೇ ನಮ್ಮ ಅಪ್ಪನ ಬಾವಿಯ ನೀರನ್ನು ಕೆಂಪು ದಾರದಲ್ಲೂ ಹಸಿರು ದಾರದಲ್ಲೂ ಇಟ್ಟಿದ್ದರಂತೆ.

ಮುಂದಿನ ಸಭೆಯಲ್ಲಿ ಫಲಿತಾಂಶ ಓದಿದೆ. ಕೆಂಪು, ಹಸಿರು ಎರಡೂ ಒಂದೇ ಬಂದಿದ್ದವು, ಎರಡರಲ್ಲೂ ನೈಟ್ರೇಟ್ ಮಿತಿ ಮೀರಿತ್ತು. ಹಳದಿ ದಾರದ್ದು ಎಲ್ಲಕ್ಕಿಂತ ಕೆಟ್ಟದ್ದು ಎಂದೆ. ಮಾವ ನನ್ನ ಮುಖವನ್ನೇ ನೋಡಿದರು. "ಹಳದಿ ನಿನ್ನ ಬಾಡಿಗೆ ಮನೆ ಬಾವಿದು ಕಣಮ್ಮ." ಇಷ್ಟು ದಿನ ಅದನ್ನೇ ಕುಡಿಯುತ್ತಿದ್ದೆ, ಪರೀಕ್ಷಿಸಬೇಕೆಂದು ಹೊಳೆದಿರಲೇ ಇಲ್ಲ. ಇನ್ನೊಮ್ಮೆ ನೋಡೋಣ ಎಂದೆ. ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ನೋಡಿದೆ. ಅದೇ ಬಂತು. "ತನ್ನ ಮನೆ ನೀರನ್ನೂ ಬಿಡ್ಲಿಲ್ವಲ್ಲ ಇವಳು!" ಎಂದು ನಕ್ಕರು. ಈಗ ಕೂಸಿರುವ ಮನೆಗಳಿಗೆಲ್ಲ ಊರ ಟ್ಯಾಂಕಿನ ಶುದ್ಧ ನೀರು ತನ್ನಿ ಎಂದು ಹೇಳಿಕೊಂಡು ತಿರುಗುತ್ತಿರುವವರು ಅವರೇ.

ನೀನೂ ನನ್ನನ್ನು ನಂಬಬೇಡ ಅಕ್ಕ. ಬಾಟಲಿ ತುಂಬಿಕೊಂಡು ಬಾ, ಪಕ್ಕದಲ್ಲಿ ಕೂತು ನೋಡು. ನಾನು ತಪ್ಪೆಂದು ಗೊತ್ತಾದರೆ ನನಗಿಂತ ಹಿಗ್ಗುವವರು ಯಾರೂ ಇಲ್ಲ. ಅಲ್ಲಿಯವರೆಗೆ ಮಗುವಿಗೆ ಮಾತ್ರ ಟ್ಯಾಂಕಿನ ನೀರು ತಪ್ಪಿಸಬೇಡ. ನನ್ನ ಮೇಲಿನ ಕೋಪ ಬೇಕಾದರೆ ಹಾಗೇ ಇರಲಿ. ಬೈತಲೆ ಈಗಲೂ ನನಗೆ ಸೊಟ್ಟಗೇ ಬರುತ್ತದೆ. ಚಿಕ್ಕಂದಿನಲ್ಲಿ ನೀನು ತೆಗೆದ ಹಾಗೆ ಆಗುವುದಿಲ್ಲ.

ನೀನು ಹೋದಲ್ಲೆಲ್ಲ ಹಿಂದೆ ಬರುತ್ತಿದ್ದ,
ನಿನ್ನ ಬಾಲ

ಮರೆತಿದ್ದೆ: ಬಾವಿಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಸಾಕು. ನಾನು ವಾರವಾರವೂ ನಿನ್ನ ಹಿತ್ತಿಲಿನ ಅಪ್ಪನ ಬಾವಿಗೆ ಬರುತ್ತೇನೆ. ನಿನ್ನೆ ಅಡುಗೆಮನೆಯ ಕಿಟಕಿಯಲ್ಲಿ ಟ್ಯಾಂಕಿನ ನೀರಿನ ಕ್ಯಾನ್ ಕಂಡು ಹೊಟ್ಟೆ ತಣ್ಣಗಾಯಿತು. ಇನ್ನು ಬರುವ ಅಗತ್ಯವಿಲ್ಲ. ಆದರೂ ಬರುತ್ತೇನೆ. ಬಾಟಲಿ ಕಟ್ಟಿದ ಹಗ್ಗ ಬಾವಿಗೆ ಇಳಿಸುವಾಗ ಮನೆಯೊಳಗೆ ನೀನು ಮಗುವಿಗೆ ಹಾಡುವುದು ಕೇಳಿಸುತ್ತದೆ. ಬೇಗ ಮೇಲೆಳೆಯಲು ಕೈ ಬರುವುದಿಲ್ಲ.